ದೇವರನ್ನು ಸರಿಯಾಗಿ ಅರಿಯುವುದೆಂದರೆ ಏನು? ಕ್ರೈಸ್ತ ನಂಬಿಕೆ ತೋರುವ ದಾರಿ

ಯೇಸುವಿನ ಬಂಧನಕ್ಕೆ ಇನ್ನು ಕೆಲವೇ ಗಂಟೆಗಳಿವೆ. ಕೊನೆಯ ಭೋಜನಕ್ಕೆ ಕುಳಿತ ಶಿಷ್ಯರ ನಡುವಿನಿಂದ ಫಿಲಿಪ್ಪ ಕೇಳುತ್ತಾನೆ: “ಕರ್ತನೇ, ನಮಗೆ ತಂದೆಯನ್ನು ತೋರಿಸು, ನಮಗೆ ಅಷ್ಟೇ ಸಾಕು.” ದೇವರನ್ನು ಮನಸಾರೆ ಹುಡುಕಿದ ಯಾರೇ ಆದರೂ ಒಂದಲ್ಲ ಒಂದು ಹೊತ್ತಿನಲ್ಲಿ ಇಟ್ಟಿರುವ ಬೇಡಿಕೆ ಇದು. ಯೇಸು ಕೊಟ್ಟ ಉತ್ತರ ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ: “ಫಿಲಿಪ್ಪನೇ, ನಾನು ಇಷ್ಟು ಕಾಲ ನಿಮ್ಮ ಸಂಗಡ ಇದ್ದರೂ ನನ್ನನ್ನು ತಿಳಿಯಲಿಲ್ಲವೇ? ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ.” ಹಗಲೂ ರಾತ್ರಿ ಜೊತೆಗಿದ್ದು, ಒಂದೇ ಪಂಕ್ತಿಯಲ್ಲಿ ಉಂಡವನಿಗೂ ಎದುರಿಗೆ ಕುಳಿತವನು ಯಾರೆಂಬುದು ಹೊಳೆದಿರಲಿಲ್ಲ.

ದೇವರ ಅರಿವಿನ ಬಗ್ಗೆ ಕ್ರೈಸ್ತ ನಂಬಿಕೆ ಹೇಳುವ ಬಹುಪಾಲು ಮಾತು ಈ ಉತ್ತರದೊಳಗೇ ಅಡಗಿದೆ. ಮನುಷ್ಯ ತನ್ನ ಬುದ್ಧಿಬಲದಿಂದ ದೇವರನ್ನು ಕಂಡುಹಿಡಿಯಲಾರ. ದೇವರೇ ಮುಂದಾಗಿ ತನ್ನನ್ನು ತಿಳಿಯಪಡಿಸಬೇಕು, ತಿಳಿಯಪಡಿಸಿದ್ದಾನೆ ಎಂಬುದು ಅದರ ಬುನಾದಿ. ಹಾಗಾಗಿ “ದೇವರು ಹೇಗಿರಬಹುದು?” ಎಂದು ಊಹಿಸುವುದರಿಂದ ಇಲ್ಲಿ ಹುಡುಕಾಟ ಶುರುವಾಗುವುದಿಲ್ಲ. “ದೇವರು ತನ್ನನ್ನು ಎಲ್ಲಿ, ಹೇಗೆ ತೋರಿಸಿಕೊಟ್ಟಿದ್ದಾನೆ?” ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಈ ಒಂದು ತಿರುವು ಅರ್ಥವಾದರೆ ಉಳಿದದ್ದೆಲ್ಲ ತನ್ನಷ್ಟಕ್ಕೆ ಬಿಡಿಸಿಕೊಳ್ಳುತ್ತ ಹೋಗುತ್ತದೆ.

ಹಾಗಾದರೆ ಮನುಷ್ಯನ ವಿಚಾರಶಕ್ತಿಗೆ ಬೆಲೆಯೇ ಇಲ್ಲವೇ? ಇದೆ. ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆ ಎಂದು 19ನೇ ಕೀರ್ತನೆ ಹಾಡುತ್ತದೆ. ಕಣ್ಣಿಗೆ ಕಾಣದ ದೇವರ ಗುಣಗಳು, ಆತನ ಶಕ್ತಿ, ಸೃಷ್ಟಿಯ ಮೂಲಕ ಬುದ್ಧಿಗೆ ಗೋಚರಿಸುತ್ತವೆ ಎಂದು ಆದಿ ಸಭೆಯ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಹದಿಮೂರನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಚಲನೆ, ಕಾರ್ಯಕಾರಣ ಸಂಬಂಧ, ಜಗತ್ತಿನಲ್ಲಿ ಕಾಣುವ ಕ್ರಮ ಮುಂತಾದವುಗಳಿಂದ ಹೊರಟು ದೇವರ ಇರವಿಗೆ ಐದು ವಾದಗಳನ್ನು ಮಂಡಿಸಿದ. ಇವೆಲ್ಲ ಒಂದು ಹಂತದವರೆಗೆ ಕೈಹಿಡಿದು ನಡೆಸುತ್ತವೆ. ಆದರೆ ರಾತ್ರಿಯ ಹೊತ್ತು ದೂರದ ಮನೆಯಲ್ಲಿ ದೀಪ ಕಂಡರೆ ಒಳಗೆ ಯಾರೋ ಇದ್ದಾರೆ ಎಂದಷ್ಟೇ ತಿಳಿಯುತ್ತದೆ; ಅವರು ಎಂಥವರು, ನಮ್ಮನ್ನು ಒಳಗೆ ಕರೆಯುತ್ತಾರೋ ಇಲ್ಲವೋ ಎಂಬುದು ಅವರೇ ಬಾಗಿಲು ತೆರೆದು ಮಾತನಾಡಿದಾಗಲೇ ಗೊತ್ತಾಗುವುದು. ಗ್ರೀಸಿನ ಅಥೇನೆ ಪಟ್ಟಣದಲ್ಲಿ “ತಿಳಿಯದ ದೇವರಿಗೆ” ಎಂದು ಕೆತ್ತಿದ ಬಲಿಪೀಠವನ್ನು ಪೌಲ ಕಂಡದ್ದನ್ನು ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಹೇಳುತ್ತದೆ. ಅವನು ಆ ಜನರನ್ನು ಹೀಯಾಳಿಸಲಿಲ್ಲ. ಅವರು ತಡಕಾಡುತ್ತಿದ್ದದ್ದು ನಿಜವಾದದ್ದನ್ನೇ ಎಂದು ಒಪ್ಪಿಕೊಂಡು, ಆ ದೇವರಿಗೆ ಒಂದು ಚರಿತ್ರೆಯಿದೆ, ಆತನು ಯೇಸುವನ್ನು ಸತ್ತವರೊಳಗಿಂದ ಎಬ್ಬಿಸಿದ್ದಾನೆ ಎಂದು ಮಾತು ಮುಂದುವರಿಸಿದ.

ಸಮಸ್ಯೆ ಬುದ್ಧಿಯ ಕೊರತೆಯಷ್ಟೇ ಆಗಿದ್ದರೆ ಹೆಚ್ಚು ಓದಿದವರೆಲ್ಲ ದೇವರನ್ನು ಹೆಚ್ಚು ಬಲ್ಲವರಾಗಿರಬೇಕಿತ್ತು. ಬೈಬಲ್ ಬೆರಳಿಡುವುದು ಬೇರೆಡೆಗೆ: ನಮಗೆ ಬೇಕಾದಂಥ ದೇವರನ್ನು ನಾವೇ ಮಾಡಿಕೊಳ್ಳುವ ಚಾಳಿಗೆ. ವಿಮೋಚನಕಾಂಡದ 32ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ಸೀನಾಯಿ ಬೆಟ್ಟದ ಮೇಲಿದ್ದಾನೆ, ಇಳಿದು ಬರಲು ತಡವಾಗಿದೆ. ಕೆಳಗೆ ಜನ ತಾಳ್ಮೆಗೆಟ್ಟು ಮೋಶೆಯ ಅಣ್ಣ ಆರೋನನ ಬೆನ್ನು ಹತ್ತುತ್ತಾರೆ. ಅವನು ಅವರ ಕಿವಿಯ ಚಿನ್ನದ ಓಲೆಗಳನ್ನು ತರಿಸಿ, ಕರಗಿಸಿ, ಹೋರಿಕರುವನ್ನು ಮಾಡುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಹೆಚ್ಚಿನವರು ಗಮನಿಸದೆ ದಾಟುವ ಮಾತೊಂದು ಐದನೇ ವಚನದಲ್ಲಿದೆ. ಕರುವಿನ ಮುಂದೆ ಬಲಿಪೀಠ ಕಟ್ಟಿಸಿದ ಆರೋನ, ನಾಳೆ ಯೆಹೋವನಿಗೆ ಹಬ್ಬ ಎಂದು ಸಾರುತ್ತಾನೆ! ಹೆಸರು ನಿಜದೇವರದ್ದೇ, ರೂಪ ಮಾತ್ರ ತಮ್ಮ ಅನುಕೂಲದ್ದು. ಮನುಷ್ಯನ ಮನಸ್ಸು ವಿಗ್ರಹಗಳನ್ನು ತಯಾರಿಸುತ್ತಲೇ ಇರುವ ಕಾರ್ಖಾನೆ ಎಂದು ಹದಿನಾರನೇ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್ ಬರೆದದ್ದು ಇದನ್ನೇ.

ಚಿನ್ನ ಕರಗಿಸದೆಯೂ ಈ ಕೆಲಸ ಸಲೀಸಾಗಿ ನಡೆಯುತ್ತದೆ. ತಪ್ಪಿಗೆ ಕಾದು ಕುಳಿತ ದೇವರು ಒಬ್ಬರಿಗೆ, ಏನು ಮಾಡಿದರೂ ನಕ್ಕು ಸುಮ್ಮನಾಗುವ ದೇವರು ಇನ್ನೊಬ್ಬರಿಗೆ, ಸದಾ ನಮ್ಮ ಪಕ್ಷವನ್ನೇ ವಹಿಸುವ ದೇವರು ಮತ್ತೊಬ್ಬರಿಗೆ. ಇಷ್ಟು ಕಾಣಿಕೆ ಕೊಟ್ಟರೆ ಇಷ್ಟು ಆಶೀರ್ವಾದ ಎಂದು ಲೆಕ್ಕ ಹೇಳುವ ಬೋಧನೆಯೂ ಈ ಸಾಲಿಗೇ ಸೇರುತ್ತದೆ; ಬಡವರ ಆಸೆಯನ್ನೂ ಭಯವನ್ನೂ ಹಿಂಡುವ ಆ ಬೋಧನೆಗೆ ಯೇಸುವಿನ ಹೆಸರು ಅಂಟಿಸಿದ್ದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇವುಗಳಲ್ಲಿ ಯಾವುದೂ ದೇವರನ್ನು ನಿರಾಕರಿಸುವುದಿಲ್ಲ. ಎಲ್ಲವೂ ದೇವರ ಹೆಸರನ್ನೇ ಹೇಳುತ್ತವೆ. ಅಪಾಯ ಇರುವುದೂ ಅಲ್ಲೇ.

ಹೋರಿಕರುವಿನ ಪ್ರಸಂಗ ಮುಗಿದ ಮೇಲೆ ಮೋಶೆ ದೇವರ ಮುಂದೆ ನಿಂತು, ನಿನ್ನ ಮಹಿಮೆಯನ್ನು ನನಗೆ ತೋರಿಸು ಎಂದು ಕೇಳುತ್ತಾನೆ. ನನ್ನ ಮುಖವನ್ನು ನೋಡಿದ ಮನುಷ್ಯನು ಬದುಕಲಾರನು ಎಂಬ ಉತ್ತರ ಬರುತ್ತದೆ. ಮುಖ ಕಾಣಿಸುವುದಿಲ್ಲ, ಆದರೆ ದೇವರು ತನ್ನ ಸ್ವಭಾವವನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ: ಕನಿಕರವೂ ದಯೆಯೂ ಉಳ್ಳವನು, ದೀರ್ಘಶಾಂತನು, ಬಹು ಪ್ರೀತಿಯುಳ್ಳವನು, ನಂಬಿಗಸ್ತನು, ಪಾಪವನ್ನು ಕ್ಷಮಿಸುವವನು, ಆದರೂ ಅಪರಾಧವನ್ನು ಲೆಕ್ಕಿಸದೆ ಬಿಡದವನು. ವಿಮೋಚನಕಾಂಡದ 34ನೇ ಅಧ್ಯಾಯದ ಈ ಮಾತು ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಪ್ರತಿಧ್ವನಿಸುತ್ತದೆ. ಹಳೆಯ ಒಡಂಬಡಿಕೆಯ ದೇವರು ಕೋಪಿಷ್ಠ, ಹೊಸ ಒಡಂಬಡಿಕೆಯ ದೇವರು ಪ್ರೀತಿಯವನು ಎಂದು ಈಗಲೂ ಹೇಳುವವರಿದ್ದಾರೆ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಅದನ್ನೇ ಸಿದ್ಧಾಂತವಾಗಿ ಬೋಧಿಸಿದ. ಕ್ರೈಸ್ತ ಸಭೆ ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿತು. ಕನಿಕರದ ಮಾತು ಸೀನಾಯಿಯಲ್ಲೇ ಆಡಿ ಆಗಿತ್ತು.

ಈ ಮಾತನ್ನು ಬಾಯಿಪಾಠ ಮಾಡಿದವನೊಬ್ಬ ಬೈಬಲಿನಲ್ಲಿದ್ದಾನೆ: ನಿನೆವೆಗೆ ಹೋಗಿ ಎಚ್ಚರಿಸು ಎಂದು ದೇವರು ಹೇಳಿದಾಗ ಮೊದಲು ಓಡಿಹೋಗಿದ್ದ ಪ್ರವಾದಿ ಯೋನ. ಶತ್ರುಗಳ ಪಟ್ಟಣವಾದ ನಿನೆವೆ ಪಶ್ಚಾತ್ತಾಪಪಟ್ಟು ಉಳಿದುಕೊಂಡಾಗ ಅವನಿಗೆ ಎಲ್ಲಿಲ್ಲದ ಸಿಟ್ಟು. ನೀನು ಕನಿಕರವುಳ್ಳವನು, ದೀರ್ಘಶಾಂತನು ಎಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದದ್ದು ಎಂದು ದೇವರ ಮೇಲೆಯೇ ದೂರು ಹೇಳುತ್ತಾನೆ. ಅವನ ಮಾತಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ದೇವರ ಕನಿಕರ ತನಗೆ ಬೇಡದವರನ್ನೂ ಮುಟ್ಟುತ್ತದೆ ಎಂಬುದನ್ನು ಅವನಿಂದ ಸಹಿಸಲಾಗಲಿಲ್ಲ. ಸರಿಯಾದ ಸಿದ್ಧಾಂತ ನಾಲಗೆಯ ಮೇಲಿದ್ದೂ ದೇವರು ಅಪರಿಚಿತನಾಗಿಯೇ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ನನಗೆ ಕಂಡಿಲ್ಲ.

ಈಗ ಫಿಲಿಪ್ಪನಿಗೆ ಸಿಕ್ಕ ಉತ್ತರದ ಭಾರವನ್ನು ಅಳೆಯಬಹುದು. ದೇವರನ್ನು ಯಾರೂ ಎಂದೂ ಕಂಡಿಲ್ಲ, ತಂದೆಯ ಎದೆಯಲ್ಲಿರುವ ಮಗನೇ ಆತನನ್ನು ತಿಳಿಯಪಡಿಸಿದನು ಎಂದು ಯೋಹಾನ ತನ್ನ ಸುವಾರ್ತೆಯ ಆರಂಭದಲ್ಲೇ ಬರೆಯುತ್ತಾನೆ. ಹಾಗಿದ್ದರೆ ಯೇಸು ಯಾರು? ಈ ಪ್ರಶ್ನೆ ನಾಲ್ಕನೇ ಶತಮಾನದಲ್ಲಿ ಇಡೀ ಕ್ರೈಸ್ತ ಸಮುದಾಯವನ್ನು ಅಲುಗಾಡಿಸಿತು. ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ವಾದಿಸಿದ್ದು ಹೀಗೆ: ಮಗನು ಎಲ್ಲಕ್ಕಿಂತ ಶ್ರೇಷ್ಠನಾದ ಸೃಷ್ಟಿ, ಆದರೂ ಸೃಷ್ಟಿಯೇ; ಅವನು ಇಲ್ಲದಿದ್ದ ಒಂದು ಸ್ಥಿತಿ ಇತ್ತು. ಮೇಲ್ನೋಟಕ್ಕೆ ಇದು ದೇವರ ಏಕತ್ವವನ್ನು ಕಾಪಾಡುವ ವಿನಯದ ಮಾತಿನಂತೆ ತೋರುತ್ತದೆ. ಒಳಗಿನ ಪರಿಣಾಮ ಭೀಕರ. ಯೇಸು ಸೃಷ್ಟಿಯಾಗಿದ್ದರೆ, ಅವನನ್ನು ನೋಡಿದವರು ದೇವರು ಕಳುಹಿಸಿದ ಒಬ್ಬ ದೂತನನ್ನು ನೋಡಿದಂತಾಯಿತೇ ಹೊರತು ದೇವರನ್ನು ನೋಡಿದಂತಾಗಲಿಲ್ಲ. ಯೇಸುವಿನ ಬೆನ್ನ ಹಿಂದೆ ಇನ್ನೊಬ್ಬ ದೇವರು, ಬಹುಶಃ ಬೇರೆಯೇ ಸ್ವಭಾವದವನು, ಕತ್ತಲಲ್ಲೇ ಉಳಿದುಬಿಡುತ್ತಾನೆ.

ಕ್ರಿ.ಶ. 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸೀಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಈ ವಾದವನ್ನು ತಿರಸ್ಕರಿಸಿತು. ಮಗನು ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು, ಸೃಷ್ಟಿಸಲ್ಪಟ್ಟವನಲ್ಲ, ತಂದೆಯೊಂದಿಗೆ ಒಂದೇ ತತ್ತ್ವವುಳ್ಳವನು ಎಂದು ಅಲ್ಲಿ ಘೋಷಿಸಿದರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಈ ನಿಲುವನ್ನು ಬಿಟ್ಟುಕೊಡದ ಬಿಷಪ್ ಅಥನೇಸಿಯಸ್ ಐದು ಸಲ ಗಡೀಪಾರಾದ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದೇ ನಂಬಿಕೆಯನ್ನು ದೃಢಪಡಿಸಿ, ಪವಿತ್ರಾತ್ಮನ ಕುರಿತ ಮಾತುಗಳನ್ನೂ ವಿಸ್ತರಿಸಿತು. ಇಂದು ಅನೇಕ ಸಭೆಗಳಲ್ಲಿ ಆರಾಧನೆಯ ನಡುವೆ ಹೇಳುವ ವಿಶ್ವಾಸಪ್ರಮಾಣ ರೂಪುಗೊಂಡದ್ದು ಹೀಗೆ. ಪಂಡಿತರ ಒಣ ಚರ್ಚೆ ಎಂದು ಇದನ್ನು ಬದಿಗೆ ಸರಿಸುವವರಿಗೆ ನಾನು ಹೇಳುವುದಿಷ್ಟು: ಕುಷ್ಠರೋಗಿಯನ್ನು ಮುಟ್ಟಿದ ಯೇಸುವಿನ ಕೈ ದೇವರದ್ದೇ ಹೌದೋ ಅಲ್ಲವೋ ಎಂಬುದೇ ಅಲ್ಲಿದ್ದ ಪ್ರಶ್ನೆ. ಅದು ಯಾವ ಕಾಲದಲ್ಲೂ ಒಣ ಪ್ರಶ್ನೆಯಾಗಲಾರದು.

ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಬೋಧನೆ ಬಂದದ್ದೂ ಇದೇ ದಾರಿಯಲ್ಲಿ. ಗಣಿತದ ಒಗಟೊಂದನ್ನು ಕಟ್ಟುವ ಉದ್ದೇಶ ಯಾರಿಗೂ ಇರಲಿಲ್ಲ. ಶಿಷ್ಯರು ಯೆಹೂದ್ಯರು, ದೇವರು ಒಬ್ಬನೇ ಎಂಬುದು ಅವರಿಗೆ ಉಸಿರಿನಷ್ಟೇ ಸಹಜವಾಗಿತ್ತು. ಅಂಥವರು ಯೇಸುವಿನ ಪುನರುತ್ಥಾನದ ನಂತರ ಅವನನ್ನು ಆರಾಧಿಸತೊಡಗಿದರು, ತಮ್ಮೊಳಗೆ ಕೆಲಸ ಮಾಡುವ ಆತ್ಮನೂ ದೇವರೇ ಎಂದು ಅನುಭವದಿಂದ ಕಂಡರು. ಈ ಮೂರನ್ನೂ ಬಿಡದೆ, ಒಬ್ಬನೇ ದೇವರು ಎಂಬುದನ್ನೂ ಬಿಡದೆ ಹೇಳುವುದು ಹೇಗೆ? ಒಬ್ಬನೇ ದೇವರು ಮೂರು ಸಲ ಮೂರು ವೇಷ ತೊಟ್ಟು ಬಂದ ಎಂದು ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್‌ನ ಹೆಸರಿನ ಪಂಗಡ ಹೇಳಿ ನೋಡಿತು. ಬಂಧನಕ್ಕೆ ಮುಂಚೆ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟ ಆ ಉತ್ತರವನ್ನು ಮುರಿಯುತ್ತದೆ. ಅಲ್ಲಿ ಯೇಸು ನೆಲಕ್ಕೆ ಬಿದ್ದು, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ ಎಂದು ಪ್ರಾರ್ಥಿಸುತ್ತಾನೆ. ತಂದೆಯೂ ಮಗನೂ ಒಬ್ಬನದೇ ಎರಡು ವೇಷಗಳಾಗಿದ್ದರೆ ಆ ರಾತ್ರಿಯ ಬೆವರು, ಮೊರೆ, ಒಪ್ಪಿಸಿಕೊಳ್ಳುವಿಕೆ ಎಲ್ಲವೂ ನಟನೆಯಾಗುತ್ತದೆ. ಮೂವರು ಬೇರೆ ಬೇರೆ ದೇವರುಗಳೆಂದರೆ ಬೈಬಲಿನ ಅಡಿಗಲ್ಲೇ ಕುಸಿಯುತ್ತದೆ. ಆದ್ದರಿಂದ ಒಂದೇ ತತ್ತ್ವ, ಮೂರು ವ್ಯಕ್ತಿತ್ವಗಳು ಎಂದು ಹೇಳಿದರು. ಇದು ದೇವರನ್ನು ಪೂರ್ತಿಯಾಗಿ ವಿವರಿಸುವ ಸೂತ್ರವೆಂದು ಹೇಳಿದವರೇ ಭಾವಿಸಿರಲಿಲ್ಲ. ದಾರಿ ತಪ್ಪದಂತೆ ನೆಟ್ಟ ಗಡಿಗಲ್ಲು ಅದು. ದೇವರು ಪ್ರೀತಿಸ್ವರೂಪಿ ಎಂಬ ಯೋಹಾನನ ಮಾತಿಗೂ ಇಲ್ಲೇ ಆಳ ಸಿಗುತ್ತದೆ. ಜಗತ್ತು ಹುಟ್ಟುವ ಮೊದಲೇ ದೇವರಲ್ಲಿ ಪ್ರೀತಿ ಇತ್ತು, ಅದು ಯಾರನ್ನಾದರೂ ಸೃಷ್ಟಿಸಿದ ಮೇಲೆ ಆರಂಭವಾದದ್ದಲ್ಲ.

ಗಡಿಗಲ್ಲಿನ ಆಚೆ ಮಾತು ನಿಲ್ಲುತ್ತದೆ ಎಂಬುದನ್ನು ಮಹಾನ್ ದೇವಶಾಸ್ತ್ರಜ್ಞರೇ ಮೊದಲು ಒಪ್ಪಿಕೊಂಡವರು. ನೀನು ಪೂರ್ತಿಯಾಗಿ ಗ್ರಹಿಸಿಬಿಟ್ಟೆಯಾದರೆ ಅದು ದೇವರಲ್ಲ ಎಂದು ಉತ್ತರ ಆಫ್ರಿಕದ ಬಿಷಪ್ ಆಗಸ್ಟಿನ್ ತನ್ನ ಸಭೆಗೆ ಬೋಧಿಸಿದ. ಅಕ್ವಿನಾಸ್ 1273ರ ಡಿಸೆಂಬರಿನಲ್ಲಿ ಆರಾಧನೆಯ ಹೊತ್ತಿನ ಒಂದು ಅನುಭವದ ನಂತರ ಬರೆಯುವುದನ್ನೇ ನಿಲ್ಲಿಸಿದ. ತಾನು ಕಂಡದ್ದರ ಮುಂದೆ ತಾನು ಬರೆದದ್ದೆಲ್ಲ ಹುಲ್ಲಿನಂತೆ ತೋರುತ್ತಿದೆ ಎಂದು ಜೊತೆಗಾರನಿಗೆ ಹೇಳಿದನೆಂದು ದಾಖಲೆಯಿದೆ. ಆದರೆ ಇದನ್ನು ಅರ್ಧಕ್ಕೆ ಓದಬಾರದು. ಅವನು ಜೀವನವಿಡೀ ಬೆವರು ಸುರಿಸಿ ಯೋಚಿಸಿದ ಮೇಲೆ ಆಡಿದ ಮಾತದು. ಯೋಚಿಸುವ ಮೊದಲೇ “ಎಲ್ಲವೂ ರಹಸ್ಯ” ಎಂದು ಕೈತೊಳೆದುಕೊಳ್ಳುವುದಕ್ಕೆ ಅವನ ಸಾಕ್ಷ್ಯ ಸಿಗಲಾರದು.

ದೇವರ ಬಗ್ಗೆ ನಾವು ಬಳಸುವ ಪ್ರತಿಯೊಂದು ಮಾತೂ ಮನುಷ್ಯರ ಬದುಕಿನಿಂದಲೇ ಬಂದದ್ದು ಎಂಬ ತೊಡಕು ಇನ್ನೊಂದಿದೆ. ದೇವರನ್ನು ತಂದೆ ಎಂದು ಕರೆ ಎಂದಾಗ, ತಂದೆಯಿಂದ ಹೊಡೆತ, ತಿರಸ್ಕಾರ ಬಿಟ್ಟು ಬೇರೇನೂ ಕಾಣದವರಿಗೆ ಏನಾಗಬೇಕು? ಈ ನೋವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಯೇಸು ಆ ಮಾತನ್ನು ಬಿಡುವುದಿಲ್ಲ, ಅದರೊಳಗೆ ಹೊಸ ಅರ್ಥ ತುಂಬುತ್ತಾನೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಸಾಮ್ಯದಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯಲ್ಲಿ, ಕಿರಿಯ ಮಗ ಆಸ್ತಿಯ ಪಾಲು ಕಿತ್ತುಕೊಂಡು ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದು ಹಿಂದಿರುಗುತ್ತಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಕನಿಕರಪಟ್ಟು, ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಮಗ ಸಿದ್ಧಪಡಿಸಿಕೊಂಡು ಬಂದಿದ್ದ ಮಾತನ್ನು ಪೂರ್ತಿ ಹೇಳಲೂ ಬಿಡುವುದಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದವನು ಹಿರಿಯ ಮಗ. ಅವನು ಮನೆ ಬಿಟ್ಟು ಹೋದವನಲ್ಲ. ಹೊಲದಿಂದ ಬಂದಾಗ ಸಂಗೀತ ಕೇಳಿ, ವಿಷಯ ತಿಳಿದು, ಒಳಗೆ ಬರಲೊಲ್ಲದೆ ನಿಲ್ಲುತ್ತಾನೆ. ಇಷ್ಟು ವರ್ಷ ನಿನಗೆ ಗುಲಾಮನಂತೆ ದುಡಿದೆ, ನೀನು ನನಗೆ ಒಂದು ಆಡಿನ ಮರಿಯನ್ನಾದರೂ ಕೊಡಲಿಲ್ಲ ಎನ್ನುತ್ತಾನೆ. ತಂದೆಯ ಮನೆಯಲ್ಲೇ ಬೆಳೆದು ಅವನು ತಂದೆಯನ್ನು ಯಜಮಾನನೆಂದು ತಿಳಿದಿದ್ದ, ಲೆಕ್ಕ ಇಟ್ಟುಕೊಂಡಿದ್ದ. ತಂದೆ ಅವನಿಗಾಗಿಯೂ ಹೊರಗೆ ಬರುತ್ತಾನೆ, ನನ್ನದೆಲ್ಲ ನಿನ್ನದೇ ಎಂದು ಬೇಡಿಕೊಳ್ಳುತ್ತಾನೆ. ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಯೇಸು ಹೇಳುವುದಿಲ್ಲ. ಧಾರ್ಮಿಕ ವಾತಾವರಣದಲ್ಲೇ ಹುಟ್ಟಿ ಬೆಳೆದ ನಮ್ಮಂಥವರು ಈ ಸಾಮ್ಯವನ್ನು ಅವನ ಕಡೆಯಿಂದ ಓದಬೇಕು ಎಂದು ನನ್ನ ಆಗ್ರಹ.

ಅರಿವು ತಪ್ಪುವ ಇನ್ನೊಂದು ಜಾಗ ಶಿಲುಬೆ. ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಯೇಸುವನ್ನು “ನೀನು ಕ್ರಿಸ್ತನು” ಎನ್ನುತ್ತಾನೆ. ಉತ್ತರ ಸರಿ. ಆದರೆ ತಾನು ತಿರಸ್ಕೃತನಾಗಿ ಸಾಯಬೇಕಾಗಿದೆ ಎಂದು ಯೇಸು ಹೇಳಿದ ಕೂಡಲೇ ಪೇತ್ರ ಅವನನ್ನು ಗದರಿಸುತ್ತಾನೆ, “ಸೈತಾನನೇ, ನನ್ನ ಹಿಂದೆ ಹೋಗು” ಎಂಬ ಕಟು ಮಾತನ್ನು ಕೇಳಿಸಿಕೊಳ್ಳುತ್ತಾನೆ. ಗೆಲ್ಲುವ ದೇವರು ಅವನಿಗೆ ಬೇಕಿತ್ತು. ಇದಕ್ಕೆ ಸ್ವಲ್ಪ ಮುಂಚೆ ಮಾರ್ಕ ಒಬ್ಬ ಕುರುಡನ ಪ್ರಸಂಗವನ್ನು ಇಟ್ಟಿದ್ದಾನೆ: ಯೇಸು ಮೊದಲ ಸಲ ಮುಟ್ಟಿದಾಗ ಅವನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಮಸುಕಾಗಿ ಕಾಣುತ್ತಾರೆ, ಎರಡನೇ ಸಲ ಮುಟ್ಟಿದ ಮೇಲೆ ಎಲ್ಲವೂ ಸ್ಪಷ್ಟ. ಈ ಎರಡು ಪ್ರಸಂಗಗಳು ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಮಾರ್ಕನಲ್ಲಿ ಯೇಸುವನ್ನು ದೇವರ ಮಗನೆಂದು ಗುರುತಿಸುವ ಮೊದಲ ಮನುಷ್ಯ ಶಿಷ್ಯನೂ ಅಲ್ಲ, ಪಂಡಿತನೂ ಅಲ್ಲ. ಯೇಸು ಪ್ರಾಣಬಿಟ್ಟ ರೀತಿಯನ್ನು ಎದುರಿಗೇ ನಿಂತು ನೋಡಿದ ರೋಮಿನ ಶತಾಧಿಪತಿ. ದೇವರ ಶಕ್ತಿ ಎಂದರೇನು ಎಂಬ ನಮ್ಮ ಕಲ್ಪನೆಯನ್ನೇ ಶಿಲುಬೆ ತಲೆಕೆಳಗು ಮಾಡುತ್ತದೆ.

ಇಷ್ಟೆಲ್ಲ ಒಪ್ಪಿಕೊಂಡೂ ದೇವರನ್ನು ಅರಿಯದೆ ಇರಲು ಸಾಧ್ಯವೇ? ಪ್ರವಾದಿ ಯೆರೆಮೀಯ ಹೌದೆನ್ನುತ್ತಾನೆ. ಕ್ರಿ.ಪೂ. 609ರಲ್ಲಿ ಯೆಹೂದದ ಸಿಂಹಾಸನವೇರಿದ ಯೆಹೋಯಾಕೀಮ ಅರಮನೆ ಕಟ್ಟಿಸುತ್ತಿದ್ದ: ವಿಶಾಲವಾದ ಉಪ್ಪರಿಗೆ, ದೊಡ್ಡ ಕಿಟಕಿಗಳು, ದೇವದಾರು ಹಲಗೆಯ ಹೊದಿಕೆ, ಕೆಂಪು ಬಣ್ಣ. ಕೆಲಸಗಾರರಿಗೆ ಕೂಲಿ ಮಾತ್ರ ಇಲ್ಲ. ತನ್ನ ಪುಸ್ತಕದ 22ನೇ ಅಧ್ಯಾಯದಲ್ಲಿ ಯೆರೆಮೀಯ ಆ ಅರಸನ ತಂದೆ ಯೋಷೀಯನನ್ನು ನೆನಪಿಸುತ್ತಾನೆ. ಯೋಷೀಯನೂ ಉಂಡು ಕುಡಿದು ಸುಖವಾಗಿದ್ದ, ಆದರೆ ದೀನದರಿದ್ರರಿಗೆ ನ್ಯಾಯ ದೊರಕಿಸಿದ. “ನನ್ನನ್ನು ಅರಿಯುವುದು ಎಂದರೆ ಇದೇ ಅಲ್ಲವೇ?” ಎಂದು ಯೆಹೋವನು ಕೇಳುತ್ತಾನೆ. ನ್ಯಾಯ ಮಾಡುವುದು ಅರಿವಿನ ಫಲ ಎಂದು ಅಲ್ಲಿ ಹೇಳಿಲ್ಲ, ಅದೇ ಅರಿವು ಎಂದಿದೆ. ಪ್ರೀತಿಯಿಲ್ಲದವನು ದೇವರನ್ನು ಬಲ್ಲವನಲ್ಲ ಎಂದು ಯೋಹಾನನ ಮೊದಲ ಪತ್ರವೂ ಅಷ್ಟೇ ನೇರವಾಗಿ ಹೇಳುತ್ತದೆ. ದುಡಿದವನ ಕೂಲಿ ತಡೆಹಿಡಿದವನ ಬಾಯಲ್ಲಿ ವಿಶ್ವಾಸಪ್ರಮಾಣ ಎಷ್ಟೇ ಶುದ್ಧವಾಗಿದ್ದರೂ ಅವನು ದೇವರನ್ನು ಬಲ್ಲವನೆಂದು ಬೈಬಲ್ ಒಪ್ಪುವುದಿಲ್ಲ.

ಹಾಗಾದರೆ ಈ ದಾರಿಯಲ್ಲಿ ಹೋಗಬಯಸುವವರು ಮಾಡಬೇಕಾದದ್ದೇನು? ಬೈಬಲ್ ಓದುವುದು ಎಂಬ ಉತ್ತರದಲ್ಲಿ ಎಲ್ಲ ಸಭೆಗಳೂ ಕೂಡುತ್ತವೆ. ಅದನ್ನು ಹೇಗೆ ಓದಬೇಕೆಂಬಲ್ಲಿ ಒತ್ತು ಬದಲಾಗುತ್ತದೆ. ಕಥೋಲಿಕರೂ ಆರ್ಥೊಡಾಕ್ಸ್ ಸಭೆಗಳೂ ಪರಂಪರೆಯೊಂದಿಗೆ ಸೇರಿಸಿ ಓದುತ್ತಾರೆ. ಪ್ರೊಟೆಸ್ಟೆಂಟರು ಪರಂಪರೆಯನ್ನೂ ಬೈಬಲಿನಿಂದಲೇ ಪರೀಕ್ಷಿಸಬೇಕೆನ್ನುತ್ತಾರೆ. ಪವಿತ್ರಾತ್ಮನ ನೆರವಿಲ್ಲದೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ನನ್ನ ಸಲಹೆ ಸರಳವಾದದ್ದು: ಮೊದಲು ಸುವಾರ್ತೆಗಳನ್ನು ಓದಿ. ಮಾರ್ಕನದು ಕೇವಲ 16 ಅಧ್ಯಾಯ, ಒಂದೇ ಸಲ ಕುಳಿತು ಮುಗಿಸಬಹುದು. ಯಾರಾದರೂ ದೇವರ ಬಗ್ಗೆ ಏನಾದರೂ ಬೋಧಿಸಿದಾಗ, ಯೇಸು ನಡೆದುಕೊಂಡ ರೀತಿಗೆ ಇದು ಹೊಂದುತ್ತದೆಯೇ ಎಂದು ಒರೆಗೆ ಹಚ್ಚಿ. ಒಬ್ಬರೇ ಓದುತ್ತ ಕೂರಬೇಡಿ. ನಿಮ್ಮ ಅಭಿಪ್ರಾಯವನ್ನು ಪ್ರಶ್ನಿಸಬಲ್ಲವರ ಜೊತೆಗೂ ಓದಿ.

ಇನ್ನೊಂದು ಮಾತು ಪ್ರಾರ್ಥನೆಯದು. ಬೈಬಲಿನ ಯೋಬ ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ನರಳಿದವನು. ಅವನ ಮೂವರು ಗೆಳೆಯರು ದೇವರ ಬಗ್ಗೆ ಅಧ್ಯಾಯಗಟ್ಟಲೆ ಮಾತನಾಡುತ್ತಾರೆ: ದೇವರು ನೀತಿವಂತ, ಕಷ್ಟ ಬಂದಿದೆಯೆಂದರೆ ಪಾಪವಿರಲೇಬೇಕು. ಯೋಬ ಕೂಗುತ್ತಾನೆ, ವಾದಿಸುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಕೊನೆಯಲ್ಲಿ ದೇವರು ಗೆಳೆಯರಲ್ಲೊಬ್ಬನಾದ ಎಲೀಫಜನಿಗೆ, ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ಇಡೀ ಪುಸ್ತಕವನ್ನು ಜಾಲಾಡಿದರೂ ಗೆಳೆಯರು ದೇವರೊಂದಿಗೆ ಒಮ್ಮೆಯೂ ಮಾತನಾಡಿದ್ದು ಸಿಗುವುದಿಲ್ಲ, ಮಾತನಾಡಿದವನು ಯೋಬನೊಬ್ಬನೇ. ಹಾಗಾಗಿ ಸಂಶಯ, ಸಿಟ್ಟು, ಉತ್ತರ ಸಿಗದ ಪ್ರಶ್ನೆ ಇರುವವರು ಅವು ಬಗೆಹರಿದ ಮೇಲೆ ದೇವರ ಹತ್ತಿರ ಹೋಗೋಣವೆಂದು ಕಾಯಬೇಕಾಗಿಲ್ಲ. ಮಾತು ಹೊರಡದಿದ್ದರೆ 13ನೇ ಕೀರ್ತನೆಯನ್ನು ತೆರೆದು ಅದನ್ನೇ ನಿಮ್ಮ ಮಾತಾಗಿ ಹೇಳಿ. ಇನ್ನೆಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು ಅದು ದೇವರನ್ನೇ ಕೇಳುತ್ತದೆ, ಆರೇ ವಚನಗಳಿವೆ.